ತುತ್ತೂರಿಗೂ ಸಾಹಿತ್ಯ ಸಿಕ್ಕಿದ ಕಥೆ

ಸಂಗೀತ ಕೇಳುವ ಗೆಳೆಯರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮಾತಿನ ನಡುವೆ ಕೆಲವು ರೆಕಾರ್ಡ್‌ಗಳನ್ನು ಕೇಳಿಸಿದ್ದೆ. ಓದುವಾಗ ನೀವೂ ಹುಡುಕಿ ಹಾಕಿಕೊಂಡರೆ ಚೆನ್ನ.

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಆಲ್ಬಂ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ‘ಸ್ವಿಂಗ್’. 1997ರಲ್ಲಿ ಅಮೆರಿಕದ ಅಟ್ಲಾಂಟಿಕ್ ರೆಕಾರ್ಡ್ಸ್ ಹೊರತಂದಿದ್ದು. ಹಾಡಿದವರು ನಾಲ್ಕು ಜನ: ಟಿಮ್ ಹೌಸರ್, ಜಾನಿಸ್ ಸೀಗಲ್, ಆಲನ್ ಪಾಲ್, ಶೆರಿಲ್ ಬೆಂಟೀನ್. ಈ ನಾಲ್ವರ ತಂಡದ ಹೆಸರು ಮ್ಯಾನ್‌ಹ್ಯಾಟನ್ ಟ್ರಾನ್ಸ್‌ಫರ್. 1930 ಮತ್ತು 40ರ ದಶಕಗಳಲ್ಲಿ ಅಮೆರಿಕದ ಊರೂರುಗಳ ಡ್ಯಾನ್ಸ್ ಹಾಲ್‌ಗಳನ್ನು ಕುಣಿಸಿದ ದೊಡ್ಡ ಬ್ಯಾಂಡ್‌ಗಳಿದ್ದವಲ್ಲ, ಆ ಬ್ಯಾಂಡ್‌ಗಳ ಸಂಗೀತವನ್ನು ಇವರು ಗಂಟಲಿನಿಂದ ಹಾಡಿದರು.

ಹಳೆಯದನ್ನು ಮತ್ತೆ ಹಾಡುವವರಿಗೆ ಯಾವ ಕಾಲದಲ್ಲೂ ಕೊರತೆ ಇಲ್ಲ. ಆದರೆ ಹೆಚ್ಚಿನವರು ಹಳೇ ಹಾಡಿನ ಪಲ್ಲವಿಯನ್ನಷ್ಟೇ ಎತ್ತಿಕೊಳ್ಳುತ್ತಾರೆ. ಈ ನಾಲ್ವರು ಹಾಗೆ ಮಾಡಲಿಲ್ಲ. ಎರಡನೇ ಸಾಲಿನಲ್ಲಿ ಕೂತ ಟ್ರೊಂಬೋನ್‌ನವನು ಏನು ನುಡಿಸಿದ್ದ, ಸ್ಯಾಕ್ಸಫೋನ್ ಸಾಲು ಎಲ್ಲಿ ಉಸಿರು ತೆಗೆದುಕೊಂಡಿತ್ತು, ಟ್ರಂಪೆಟ್ ಎಲ್ಲಿ ಮೇಲೆ ಹಾರಿತ್ತು, ಇಷ್ಟನ್ನೂ ಕಲಿತು, ಬಾಯಿಪಾಠ ಮಾಡಿ, ಅದಕ್ಕೆ ಮಾತು ಜೋಡಿಸಿ ಹಾಡಿದರು. ಹಳೆಯ ಸಂಗೀತಕ್ಕೆ ಮತ್ತೆ ಜೀವ ಬರಬೇಕಾದರೆ ಇಷ್ಟು ಕೆಲಸ ಬೇಕೇ ಬೇಕು ಅಂತ ನನ್ನ ನಂಬಿಕೆ. ಅದನ್ನು ತೋರಿಸುವುದಕ್ಕೆ ಈ ಆಲ್ಬಂನ ಒಂದೇ ಒಂದು ರಚನೆಯ ಜಾಡು ಹಿಡಿದು ಹೊರಡೋಣ. ‘ಮೋಟನ್ ಸ್ವಿಂಗ್’ ಅಂತ ಅದರ ಹೆಸರು.

1932, ಡಿಸೆಂಬರ್ 13. ನ್ಯೂಜೆರ್ಸಿಯ ಕ್ಯಾಮ್ಡೆನ್ ಎಂಬ ಊರು. ಅಲ್ಲಿ ವಿಕ್ಟರ್ ಕಂಪನಿ ಒಂದು ಹಳೇ ಚರ್ಚನ್ನು ಕೊಂಡು ಸ್ಟುಡಿಯೋ ಮಾಡಿಕೊಂಡಿತ್ತು. ಕಾನ್ಸಾಸ್ ಸಿಟಿಯ ಬೆನ್ನಿ ಮೋಟನ್ ಅವರ ಬ್ಯಾಂಡ್ ಅಲ್ಲಿಗೆ ಬಂದಿಳಿಯಿತು. ಆರ್ಥಿಕ ಕುಸಿತದ ಕೆಟ್ಟ ವರ್ಷ ಅದು. ದಾರಿಯುದ್ದಕ್ಕೂ ಕಾರ್ಯಕ್ರಮಗಳು ಕೈಕೊಟ್ಟು, ಜೇಬಲ್ಲಿ ಕಾಸಿಲ್ಲದೆ, ಹಸಿದುಕೊಂಡೇ ಬಂದವರು ಅವರು. ಆ ಬಸ್ಸಿನಿಂದ ಇಳಿದವರ ಹೆಸರು ನೋಡಿ. ಪಿಯಾನೋಗೆ ಕೌಂಟ್ ಬೇಸಿ. ಬೇಸ್‌ಗೆ, ಅಂದರೆ ಕೆಳಸ್ಥಾಯಿಯ ದೊಡ್ಡ ತಂತಿವಾದ್ಯಕ್ಕೆ, ವಾಲ್ಟರ್ ಪೇಜ್. ಸ್ಯಾಕ್ಸಫೋನ್‌ಗೆ ಬೆನ್ ವೆಬ್‌ಸ್ಟರ್. ಟ್ರಂಪೆಟ್‌ಗೆ ಹಾಟ್ ಲಿಪ್ಸ್ ಪೇಜ್. ಟ್ರೊಂಬೋನ್ ಮತ್ತು ಗಿಟಾರ್ ಎರಡನ್ನೂ ನುಡಿಸುತ್ತಿದ್ದ ಎಡ್ಡಿ ಡರ್ಹಂ. ಮುಂದಿನ ಇಪ್ಪತ್ತು ವರ್ಷದ ಜಾಸ್‌ನ ಅರ್ಧ ಮನೆ ಅವತ್ತು ಒಂದೇ ಕೋಣೆಯಲ್ಲಿ ಹೊಟ್ಟೆಗಿಲ್ಲದೆ ನಿಂತಿತ್ತು.

ಅವತ್ತು ಮುದ್ರಿಸಿದ ಹಾಡುಗಳಲ್ಲಿ ‘ಮೋಟನ್ ಸ್ವಿಂಗ್’ ಒಂದು. ಕಾಗದದ ಮೇಲೆ ಅದಕ್ಕೆ ಮೋಟನ್ ಕುಟುಂಬದವರ ಹೆಸರಿದೆ. ಆದರೆ ಕಟ್ಟಿದವರು ಡರ್ಹಂ ಮತ್ತು ಬೇಸಿ ಅಂತ ಹೇಳುತ್ತಾರೆ. ಹೇಗೆ ಕಟ್ಟಿದರು? 1930ರಲ್ಲಿ ವಾಲ್ಟರ್ ಡೊನಾಲ್ಡ್‌ಸನ್ ಬರೆದ ‘ಯೂ ಆರ್ ಡ್ರೈವಿಂಗ್ ಮಿ ಕ್ರೇಜಿ’ ಎಂಬ ಪ್ರೇಮಗೀತೆ ಆಗ ಎಲ್ಲರ ಬಾಯಲ್ಲೂ ಇತ್ತು. ಇವರು ಅದರ ಹಾರ್ಮನಿಯ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಚೌಕಟ್ಟನ್ನು ಮಾತ್ರ ಇಟ್ಟುಕೊಂಡು, ಮಟ್ಟು ಮತ್ತು ಮಾತು ಎರಡನ್ನೂ ಬಿಸಾಕಿದರು. ಆ ಜಾಗಕ್ಕೆ ರಿಫ್‌ಗಳನ್ನು ತುಂಬಿದರು. ರಿಫ್ ಅಂದರೆ ಎರಡು ನಾಲ್ಕು ಸ್ವರಗಳ ಒಂದು ಪುಟ್ಟ ತುಣುಕು. ಸ್ಯಾಕ್ಸಫೋನ್ ಸಾಲು ಒಂದು ತುಣುಕು ಹೇಳುತ್ತದೆ, ಟ್ರಂಪೆಟ್ ಸಾಲು ಉತ್ತರ ಕೊಡುತ್ತದೆ, ಅದೇ ಮಾತು ಮತ್ತೆ, ಮತ್ತೆ, ಪ್ರತಿ ಸಲ ಇನ್ನಷ್ಟು ಒತ್ತಾಯದಿಂದ. ಕಾನ್ಸಾಸ್ ಸಿಟಿಯಲ್ಲಿ ಇಂಥವನ್ನು ಬರೆದುಕೊಳ್ಳುತ್ತಲೂ ಇರಲಿಲ್ಲ. ಒಬ್ಬ ಶುರು ಮಾಡಿದರೆ ಪಕ್ಕದವರು ಕಿವಿಯಿಂದಲೇ ಹಿಡಿದು ಸೇರಿಕೊಳ್ಳುತ್ತಿದ್ದರು.

ಇಲ್ಲಿ ನಾನು 1932ರ ರೆಕಾರ್ಡನ್ನು ಪೂರ್ತಿ ಕೇಳಿಸಿದೆ. ವಾಲ್ಟರ್ ಪೇಜ್ ಅವರ ಬೇಸ್ ಕಡೆ ಗಮನ ಕೊಡಿ ಅಂತ ಹೇಳಿದ್ದೆ. ಅದು ಒಂದು ಆವರ್ತಕ್ಕೆ ನಾಲ್ಕು ಹೆಜ್ಜೆ ನಡೆಯುತ್ತದೆ, ನಿಲ್ಲುವುದೇ ಇಲ್ಲ. ಅದಕ್ಕೂ ಮುಂಚಿನ ಜಾಸ್‌ನಲ್ಲಿ ಬೇಸ್ ಸಾಮಾನ್ಯವಾಗಿ ಎರಡು ಏಟಿಗೆ ಒಂದರಂತೆ ಬೀಳುತ್ತಿತ್ತು. ನಾಲ್ಕೂ ಏಟುಗಳು ಸಮಾನವಾಗಿ ಹರಿದಾಗ ಅದರ ಮೇಲೆ ನುಡಿಸುವವರಿಗೆ ದೊಡ್ಡ ಬಯಲು ಸಿಕ್ಕಿತು. ಸ್ವಿಂಗ್ ಎಂಬ ಶೈಲಿಯ ಒಳಗುಟ್ಟು ಬಹುಪಾಲು ಇಲ್ಲಿದೆ. ಇನ್ನೊಂದು ಗುಟ್ಟು ಅರ್ಧ ಏಟುಗಳಲ್ಲಿದೆ: ಅವು ಸಮ ಇರುವುದಿಲ್ಲ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಎಷ್ಟು ಉದ್ದ ಎಷ್ಟು ಗಿಡ್ಡ ಅಂತ ಯಾರೂ ಬರೆದುಕೊಡಲಾರರು, ವೇಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ನಾವು ತಾಳ ಹಾಕುವಾಗ ಮೊದಲ ಎಣಿಕೆಗೆ ತಟ್ಟುತ್ತೇವೆ ಅಲ್ವಾ, ಅವರ ಚಿಟಿಕೆ ಎರಡಕ್ಕೆ ಮತ್ತು ನಾಲ್ಕಕ್ಕೆ ಬೀಳುತ್ತದೆ. ಕೂಟದಲ್ಲಿ ಎಲ್ಲರಿಗೂ ಇದನ್ನು ಹಾಕಿ ನೋಡಿ ಅಂದೆ. ಸ್ವಲ್ಪ ಹೊತ್ತು ಗೊಂದಲ, ಆಮೇಲೆ ಇಡೀ ಕೋಣೆ ಒಂದೇ ಸಮ ತೂಗಿತು.

ಮೋಟನ್ 1935ರಲ್ಲಿ ಗಂಟಲಿನ ಟಾನ್ಸಿಲ್ ಆಪರೇಷನ್ ಮಾಡಿಸಿಕೊಳ್ಳಲು ಹೋಗಿ ತೀರಿಕೊಂಡರು. ಬ್ಯಾಂಡ್ ಚದುರಿತು. ಉಳಿದ ಕೆಲವರನ್ನು ಸೇರಿಸಿಕೊಂಡು ಬೇಸಿ ರೀನೋ ಕ್ಲಬ್ ಎಂಬ ಕಡೆ ನುಡಿಸತೊಡಗಿದರು. 1936ರಲ್ಲಿ ಜಾನ್ ಹ್ಯಾಮಂಡ್ ಎಂಬ ರೆಕಾರ್ಡ್ ನಿರ್ಮಾಪಕ ಶಿಕಾಗೋದಲ್ಲಿ ತನ್ನ ಕಾರಿನ ರೇಡಿಯೋದಲ್ಲಿ ಆ ಬ್ಯಾಂಡನ್ನು ಕೇಳಿ, ಕಾನ್ಸಾಸ್ ಸಿಟಿಗೇ ಹೋಗಿ, ಅವರನ್ನು ನ್ಯೂಯಾರ್ಕ್‌ಗೆ ಕರೆತಂದರು. ಬೇಸಿ ‘ಮೋಟನ್ ಸ್ವಿಂಗ್’ ಅನ್ನು ಮರೆಯಲಿಲ್ಲ, 1940ರಲ್ಲಿ ತನ್ನ ಬ್ಯಾಂಡ್ ಜೊತೆ ಅದನ್ನು ಮತ್ತೆ ರೆಕಾರ್ಡ್ ಮಾಡಿದರು.

ಅಷ್ಟರಲ್ಲಿ ಸ್ವಿಂಗ್ ಇಡೀ ದೇಶದ ಹುಚ್ಚಾಗಿತ್ತು. ಅದು ಆದದ್ದು ಬೆನ್ನಿ ಗುಡ್‌ಮನ್ ಎಂಬ ಬ್ಯಾಂಡ್ ನಾಯಕರ ಮೂಲಕ. 1935ರ ಆಗಸ್ಟ್ 21ರ ರಾತ್ರಿ, ಲಾಸ್ ಏಂಜಲಿಸ್‌ನ ಪಲೋಮಾರ್ ಬಾಲ್‌ರೂಂನಲ್ಲಿ ಅವರ ಬ್ಯಾಂಡಿಗೆ ಜನ ಮುಗಿಬಿದ್ದರು. ಅವರ ರೇಡಿಯೋ ಕಾರ್ಯಕ್ರಮ ನ್ಯೂಯಾರ್ಕ್‌ನಲ್ಲಿ ನಡುರಾತ್ರಿಯ ಹೊತ್ತಿಗೆ ಬರುತ್ತಿತ್ತು, ಆದರೆ ಪಶ್ಚಿಮ ಕರಾವಳಿಯಲ್ಲಿ ಅದು ಸಂಜೆಯ ಹೊತ್ತು, ಹುಡುಗರೆಲ್ಲ ಎಚ್ಚರವಾಗಿರುವ ಸಮಯ. ಹೀಗಾಗಿ ಅಲ್ಲಿನವರಿಗೆ ಮೊದಲೇ ಗೊತ್ತಿತ್ತು. ಆ ಹುಡುಗರನ್ನು ಕುಣಿಸಿದ ‘ಕಿಂಗ್ ಪೋರ್ಟರ್ ಸ್ಟಾಂಪ್’ ಜೆಲ್ಲಿ ರೋಲ್ ಮಾರ್ಟನ್ ಬರೆದದ್ದು. ಬ್ಯಾಂಡಿಗೆ ಹೊಂದಿಸಿ ಕೊಟ್ಟವರು ಫ್ಲೆಚರ್ ಹೆಂಡರ್‌ಸನ್. ಇಬ್ಬರೂ ಕಪ್ಪು ಜನಾಂಗದವರು. ಹೆಂಡರ್‌ಸನ್ ಅವರ ಸ್ವಂತ ಬ್ಯಾಂಡ್ ಕೈಯಲ್ಲಿ ಹಣ ಇಲ್ಲದೆ 1934ರಲ್ಲಿ ಮುರಿದುಬಿದ್ದಿತ್ತು, ಆಮೇಲೆ ಅವರು ತಮ್ಮ ಅರೇಂಜ್‌ಮೆಂಟ್‌ಗಳನ್ನು ಗುಡ್‌ಮನ್‌ಗೆ ಮಾರಿದರು. ಕೀರ್ತಿ ಮತ್ತು ಹಣ ಯಾರಿಗೆ ಹೋಯಿತು ಅಂತ ನಿಮಗೆ ಗೊತ್ತೇ ಇದೆ. ಗುಡ್‌ಮನ್ ದೊಡ್ಡ ಕಲಾವಿದ, ಬಿಳಿಯರು ಕರಿಯರು ಒಂದೇ ವೇದಿಕೆಯಲ್ಲಿ ನುಡಿಸುವುದಕ್ಕೆ ದಾರಿ ಮಾಡಿದವರು, ಅದನ್ನು ಮರೆಯಬಾರದು. ಆದರೂ ಈ ಲೆಕ್ಕದಲ್ಲಿ ನ್ಯಾಯ ಇಲ್ಲ. 1997ರ ಆಲ್ಬಂ ‘ಸ್ಟಾಂಪ್ ಆಫ್ ಕಿಂಗ್ ಪೋರ್ಟರ್’ ಎಂಬ ಹಾಡಿನಿಂದಲೇ ಶುರುವಾಗುತ್ತದೆ, ಮುಂದೆ ಹೆಂಡರ್‌ಸನ್ ಅವರದೇ ರಚನೆ ‘ಡೌನ್ ಸೌತ್ ಕ್ಯಾಂಪ್ ಮೀಟಿಂಗ್’ ಕೂಡ ಬರುತ್ತದೆ. ನನಗೆ ಅದು ಬಹಳ ಸರಿ ಅನಿಸುತ್ತದೆ.

ಸ್ವಿಂಗ್ ಯಾಕೆ ಮುಳುಗಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಯುದ್ಧ ಬಂತು, ವಾದ್ಯಗಾರರು ಸೇನೆಗೆ ಹೋದರು. 1942ರ ಆಗಸ್ಟ್‌ನಲ್ಲಿ ವಾದ್ಯಗಾರರ ಸಂಘ ರೆಕಾರ್ಡಿಂಗ್ ಮುಷ್ಕರ ಹೂಡಿತು. ಕುಣಿತ ಇರುವ ಜಾಗಗಳ ಮೇಲೆ ಭಾರಿ ತೆರಿಗೆ ಬಿತ್ತು. ರೆಕಾರ್ಡ್ ತಯಾರಿಸುವುದಕ್ಕೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದ, ಯುದ್ಧದಲ್ಲಿ ಅದಕ್ಕೂ ಪಡಿತರ. ಇದರಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಮುಷ್ಕರ. ಗಾಯಕರು ಆ ಸಂಘದಲ್ಲಿ ಇರಲಿಲ್ಲ. ಹಾಗಾಗಿ ಕಂಪನಿಗಳು ಬ್ಯಾಂಡ್ ಬದಲು ಹಿನ್ನೆಲೆಗೆ ಗಾಯಕರ ಗುಂಪನ್ನೇ ನಿಲ್ಲಿಸಿ ಹಾಡು ಮುದ್ರಿಸಿದವು. ವಾದ್ಯದ ಜಾಗದಲ್ಲಿ ಗಂಟಲು ಬಂದು ಕೂತ ಒಂದು ವಿಚಿತ್ರ ಕಾಲ ಅದು. ಮುಷ್ಕರ ಮುಗಿಯುವಷ್ಟರಲ್ಲಿ ಜನರ ಪ್ರೀತಿ ಬ್ಯಾಂಡಿನಿಂದ ಒಂಟಿ ಗಾಯಕರ ಕಡೆ ವಾಲಿತ್ತು. 1946ರ ಕೊನೆಗೆ ದೊಡ್ಡ ದೊಡ್ಡ ಬ್ಯಾಂಡ್‌ಗಳು ಸಾಲಾಗಿ ಬಾಗಿಲು ಹಾಕಿದವು.

ಬ್ಯಾಂಡ್‌ಗಳು ಹೋದವು, ರೆಕಾರ್ಡ್‌ಗಳು ಉಳಿದವು. ಆ ರೆಕಾರ್ಡ್‌ಗಳಲ್ಲಿ ಲೆಸ್ಟರ್ ಯಂಗ್ ಎಂಬ ಸ್ಯಾಕ್ಸಫೋನ್ ವಾದಕರೋ ಬಕ್ ಕ್ಲೇಟನ್ ಎಂಬ ಟ್ರಂಪೆಟ್ ವಾದಕರೋ ಒಂದು ಮಧ್ಯಾಹ್ನ ಆ ಕ್ಷಣಕ್ಕೆ ಹೊಳೆದಂತೆ ಒಂಟಿಯಾಗಿ ನುಡಿಸಿದ್ದ ಸೋಲೋಗಳಿದ್ದವು. ಅವರ ಲೆಕ್ಕದಲ್ಲಿ ಅದು ಮನೋಧರ್ಮ, ನಾಳೆ ಬೇರೆ ನುಡಿಸುತ್ತಾರೆ. ಆದರೆ ಅದೇ ರೆಕಾರ್ಡನ್ನು ದಿನಾ ತಿರುಗಿಸಿ ಕೇಳಿದ ಹುಡುಗನಿಗೆ ಆ ಸೋಲೋ ಒಂದು ಹಾಡೇ ಆಗಿಹೋಗಿತ್ತು. ಬೀದಿಯಲ್ಲಿ ನಡೆಯುವಾಗ ಅದನ್ನು ಗುನುಗುತ್ತಿದ್ದ. ಗುನುಗಲು ಬರುತ್ತದೆ ಅಂದಮೇಲೆ ಅದಕ್ಕೆ ಮಾತು ಯಾಕೆ ಕೂಡಿಸಬಾರದು? ಎಡ್ಡಿ ಜೆಫರ್‌ಸನ್ ಎಂಬ ನರ್ತಕ-ಗಾಯಕ ಅದನ್ನು ಮಾಡಿದರು. ಕಿಂಗ್ ಪ್ಲೆಷರ್ ಎಂಬ ಗಾಯಕ ಜೆಫರ್‌ಸನ್ ಅವರ ಮಾತುಗಳಿದ್ದ ‘ಮೂಡೀಸ್ ಮೂಡ್ ಫಾರ್ ಲವ್’ ಅನ್ನು 1952ರಲ್ಲಿ ಹಾಡಿ ಜನಪ್ರಿಯ ಮಾಡಿದರು. ಈ ಪದ್ಧತಿಯನ್ನು ವೋಕಲೀಸ್ ಅನ್ನುತ್ತಾರೆ.

ನಮ್ಮ ಕರ್ನಾಟಕ ಸಂಗೀತ ಕಲಿತವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸ್ವರಜತಿಯಲ್ಲಿ ಮೊದಲು ಸ್ವರ ಹಾಡುತ್ತೇವೆ, ಆಮೇಲೆ ಅದೇ ಸ್ವರಗಳಿಗೆ ಸಾಹಿತ್ಯ, ಒಂದೊಂದು ಸ್ವರದ ಮೇಲೆ ಒಂದೊಂದು ಅಕ್ಷರ ಕೂರಬೇಕು. ವೋಕಲೀಸ್‌ನಲ್ಲೂ ಹಾಗೇ, ಸ್ವರದ ಸಾಲು ಮೊದಲು, ಮಾತು ಆಮೇಲೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಸ್ವರಜತಿಯ ಸ್ವರಗಳನ್ನು ಹಾಡುವವರ ಉಸಿರನ್ನು ಮನಸ್ಸಲ್ಲಿಟ್ಟುಕೊಂಡೇ ಕಟ್ಟಿರುತ್ತಾರೆ. ಸ್ಯಾಕ್ಸಫೋನ್ ಸೋಲೋ ಬೆರಳುಗಳಿಂದ ಹುಟ್ಟಿದ್ದು, ಒಂದು ಸೆಕೆಂಡಿಗೆ ಏಳೆಂಟು ಸ್ವರ ಸುರಿಯುತ್ತದೆ, ಮಧ್ಯೆ ಗಾಯಕರು ಕನಸಲ್ಲೂ ಮಾಡದ ನೆಗೆತಗಳಿರುತ್ತವೆ. ಅದಕ್ಕೆ ಅರ್ಥ ಇರುವ ಮಾತು ಹೆಣೆದು, ಆ ಮಾತು ಕೇಳುಗರಿಗೆ ತಿಳಿಯುವ ಹಾಗೆ ಹಾಡುವುದು ಸುಮ್ನೆ ಅಲ್ಲ.

ಇದನ್ನು ಇಡೀ ಬ್ಯಾಂಡಿಗೇ ಮಾಡಿದರೆ? ಜಾನ್ ಹೆಂಡ್ರಿಕ್ಸ್ ಮತ್ತು ಡೇವ್ ಲ್ಯಾಂಬರ್ಟ್ 1957ರಲ್ಲಿ ಕೇಳಿಕೊಂಡ ಪ್ರಶ್ನೆ ಇದು. ಹೆಂಡ್ರಿಕ್ಸ್ ಮಾತುಗಾರ. ಲ್ಯಾಂಬರ್ಟ್ ಧ್ವನಿಗಳನ್ನು ಹೊಂದಿಸುವುದರಲ್ಲಿ ನಿಪುಣ. ಬೇಸಿ ಬ್ಯಾಂಡಿನ ಹಾಡುಗಳನ್ನು ಆರಿಸಿಕೊಂಡು, ಸೋಲೋಗಳಿಗೆ ಮಾತ್ರ ಅಲ್ಲ, ಟ್ರಂಪೆಟ್ ಸಾಲು, ಟ್ರೊಂಬೋನ್ ಸಾಲು, ಸ್ಯಾಕ್ಸಫೋನ್ ಸಾಲು ಎಲ್ಲಕ್ಕೂ ಮಾತು ಕಟ್ಟಿದರು. ಒಂದು ಡಜನ್‌ನಷ್ಟು ವೃತ್ತಿಪರ ಗಾಯಕರನ್ನು ಕರೆಸಿದರು. ಎಲ್ಲರೂ ನೊಟೇಷನ್ ನೋಡಿ ಒಂದು ಸ್ವರ ತಪ್ಪದೆ ಹಾಡುವವರು. ಹಾಡಿದರು ಕೂಡ. ಸ್ವರ ಸರಿ, ಶ್ರುತಿ ಸರಿ, ಸ್ವಿಂಗ್ ಮಾತ್ರ ಇಲ್ಲ! ನಾನು ಆಗ ಹೇಳಿದೆನಲ್ಲ, ಉದ್ದ-ಗಿಡ್ಡ ಅರ್ಧ ಏಟುಗಳು, ಅವನ್ನು ಕಾಗದದಿಂದ ಓದಲು ಆಗುವುದಿಲ್ಲ. ಆ್ಯನಿ ರಾಸ್ ಎಂಬ ಗಾಯಕಿಯನ್ನು ಕರೆದು, ಇವರಿಗೆಲ್ಲ ಬೇಸಿಯ ನಡೆ ಕಲಿಸಿಕೊಡಿ ಅಂದರು. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಸ್ಕಾಟಿಷ್ ಕುಟುಂಬ, 1952ರಲ್ಲೇ ವಾರ್ಡೆಲ್ ಗ್ರೇ ಅವರ ಸ್ಯಾಕ್ಸಫೋನ್ ಸೋಲೋಗೆ ತಾವೇ ಮಾತು ಕಟ್ಟಿ ಹಾಡಿದ್ದವರು. ಅವರಿಂದಲೂ ಆಗಲಿಲ್ಲ. ದುಡ್ಡು ಖರ್ಚಾಗುತ್ತಿತ್ತು. ನಿರ್ಮಾಪಕ ಕ್ರೀಡ್ ಟೇಲರ್ ತಲೆ ಮೇಲೆ ಕೈ ಹೊತ್ತು ಕೂರುವ ಪರಿಸ್ಥಿತಿ.

ಕೊನೆಗೆ ಅವರು ಮಾಡಿದ್ದು ಇಷ್ಟು. ಗಾಯಕರನ್ನೆಲ್ಲ ಮನೆಗೆ ಕಳಿಸಿದರು. ಉಳಿದವರು ಮೂವರೇ, ಲ್ಯಾಂಬರ್ಟ್, ಹೆಂಡ್ರಿಕ್ಸ್, ರಾಸ್. ಮೂವರೂ ಒಮ್ಮೆ ಹಾಡಿದರು. ಅದನ್ನು ಕೇಳಿಸಿಕೊಳ್ಳುತ್ತ ಅದರ ಮೇಲೆ ಮತ್ತೆ ಹಾಡಿದರು. ಮತ್ತೆ. ಮತ್ತೆ. ಒಂದು ಪದರದಲ್ಲಿ ಟ್ರಂಪೆಟ್‌ಗಳು, ಇನ್ನೊಂದರಲ್ಲಿ ಸ್ಯಾಕ್ಸಫೋನ್‌ಗಳು. ಒಂದರ ಮೇಲೊಂದು ಧ್ವನಿ ಮುದ್ರಿಸುವ ತಂತ್ರ ಇವರು ಕಂಡುಹಿಡಿದದ್ದಲ್ಲ, ಲೆಸ್ ಪಾಲ್ ಎಂಬ ಗಿಟಾರ್ ವಾದಕ ಆಗಲೇ ಅದರಿಂದ ಹೆಸರು ಮಾಡಿದ್ದರು. ಆದರೆ ಇಡೀ ಬ್ಯಾಂಡನ್ನು ಮೂರು ಗಂಟಲಿನಿಂದ ಎಬ್ಬಿಸಿದ್ದು ಇದೇ ಮೊದಲು. ಆಗಿನ ಟೇಪಿನಲ್ಲಿ ಪ್ರತಿ ಪದರಕ್ಕೂ ಸ್ವಲ್ಪ ಗೊರಗೊರ ಸದ್ದು ಸೇರಿಕೊಳ್ಳುತ್ತದೆ, ಅದು ಕೇಳಿಸುತ್ತದೆ, ಪರವಾಗಿಲ್ಲ. ಜೊತೆಗೆ ನುಡಿಸಿದವರಲ್ಲಿ ಬೇಸಿ ಬ್ಯಾಂಡಿನವರೇ ಆದ ಗಿಟಾರ್‌ನ ಫ್ರೆಡಿ ಗ್ರೀನ್, ಡ್ರಮ್ಸ್‌ನ ಸನ್ನಿ ಪೇನ್ ಇದ್ದರು. ‘ಸಿಂಗ್ ಎ ಸಾಂಗ್ ಆಫ್ ಬೇಸಿ’ ಅಂತ ಆ ಆಲ್ಬಂ. ಅದರಿಂದ ‘ಲಿಟಲ್ ಪೋನಿ’ ಕೇಳಿಸಿದೆ. ಹೆಂಡ್ರಿಕ್ಸ್ ಅಲ್ಲಿ ವಾರ್ಡೆಲ್ ಗ್ರೇ ಅವರ ಸೋಲೋ ಹಾಡುವ ವೇಗ ಕೇಳಿ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ‘ಅಯ್ಯೋ ದೇವರೇ’ ಅಂದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ನನ್ನ ಹತ್ತಿರ ಇಲ್ಲ.

ಈಗ ನಮ್ಮ ನಾಲ್ವರಿಗೆ ಬರೋಣ. ಟಿಮ್ ಹೌಸರ್ 1972ರಲ್ಲಿ ನ್ಯೂಯಾರ್ಕ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಅದಕ್ಕೂ ಮುಂಚೆ ಇದೇ ಹೆಸರಿನ ಒಂದು ತಂಡ ಕಟ್ಟಿ ಕೈಸುಟ್ಟುಕೊಂಡಿದ್ದರು. ಟ್ಯಾಕ್ಸಿ ಹತ್ತಿದ ಲಾರೆಲ್ ಮಾಸೆ ಎಂಬ ಯುವತಿ ಗಾಯಕಿ ಅಂತ ಮಾತಿನಲ್ಲಿ ಗೊತ್ತಾಯಿತು. ಇನ್ನೊಬ್ಬ ಪ್ರಯಾಣಿಕರ ಮೂಲಕ ಜಾನಿಸ್ ಸೀಗಲ್ ಪರಿಚಯ ಆಯಿತು. ಬ್ರಾಡ್‌ವೇ ನಾಟಕದಲ್ಲಿ ಹಾಡುತ್ತಿದ್ದ ಆಲನ್ ಪಾಲ್ ಸೇರಿಕೊಂಡರು. 1975ರ ಅವರ ಮೊದಲ ಆಲ್ಬಂನಲ್ಲೇ ‘ಟಕ್ಸೀಡೋ ಜಂಕ್ಷನ್’ ಇತ್ತು, ಸ್ವಿಂಗ್ ಕಾಲದ ಹಾಡು. ರಾಕ್ ಸಂಗೀತ ಆಳುತ್ತಿದ್ದ ಕಾಲದಲ್ಲಿ ನಾಲ್ವರು ಕೋಟು ಗೌನು ಹಾಕಿಕೊಂಡು ನಾಲ್ಕು ಸ್ತರದ ಹಾರ್ಮನಿ ಹಾಡಿದರು. ಮಾಸೆ ಒಂದು ಕಾರು ಅಪಘಾತದಲ್ಲಿ ಗಾಯಗೊಂಡು ತಂಡ ಬಿಟ್ಟ ಮೇಲೆ 1979ರಲ್ಲಿ ಶೆರಿಲ್ ಬೆಂಟೀನ್ ಬಂದರು. ಆ ವರ್ಷದ ‘ಬರ್ಡ್‌ಲ್ಯಾಂಡ್’ ಹಾಡಿಗೆ ಮಾತು ಬರೆದವರು ಯಾರು ಗೊತ್ತಾ? ಜಾನ್ ಹೆಂಡ್ರಿಕ್ಸ್. 1985ರ ‘ವೋಕಲೀಸ್’ ಆಲ್ಬಂನ ಎಲ್ಲ ಹಾಡುಗಳ ಮಾತೂ ಅವರದೇ. ಅದಕ್ಕೆ 12 ಗ್ರ್ಯಾಮಿ ನಾಮನಿರ್ದೇಶನ ಬಂದವು. 1957ರಲ್ಲಿ ಮೂವರು ಗಂಟಲು ಹರಿದುಕೊಂಡು ಮಾಡಿದ ಕೆಲಸಕ್ಕೆ ಹೀಗೆ ವಾರಸುದಾರರು ಸಿಕ್ಕಿದರು. ಅವರಿಗೆ ಪಾಠ ಹೇಳಿಕೊಡಲು ಮೂಲ ಮೂವರಲ್ಲಿ ಒಬ್ಬರು ಪಕ್ಕದಲ್ಲೇ ಇದ್ದರು.

1997ರ ಹೊತ್ತಿಗೆ ಅಮೆರಿಕದಲ್ಲಿ ಸ್ವಿಂಗ್ ಮತ್ತೆ ಫ್ಯಾಷನ್ ಆಗುತ್ತಿತ್ತು. ಯುವಕರ ಬ್ಯಾಂಡ್‌ಗಳು ಹಳೇ ಕಾಲದ ಹ್ಯಾಟು, ಅಗಲ ಪ್ಯಾಂಟು ಹಾಕಿಕೊಂಡು ನುಡಿಸುತ್ತಿದ್ದವು, ಕುಣಿತದ ಕ್ಲಾಸುಗಳು ತುಂಬಿದ್ದವು, ಮರುವರ್ಷ ಬಟ್ಟೆ ಕಂಪನಿಯ ಟಿವಿ ಜಾಹೀರಾತಿನಲ್ಲೂ ಅದೇ ಕುಣಿತ. ಅವರ ಉತ್ಸಾಹ ನನಗೆ ಇಷ್ಟವೇ. ಆದರೆ ಆ ಅಲೆಯ ಬಹಳಷ್ಟು ಸಂಗೀತದಲ್ಲಿ ಡ್ರಮ್ಸ್ ರಾಕ್‌ನಂತೆ ಗುದ್ದುತ್ತಿತ್ತು, ಬೇಸ್ ನಡೆಯುವ ಬದಲು ಓಡುತ್ತಿತ್ತು. ಅಲೆ ಕೆಲವೇ ವರ್ಷಗಳಲ್ಲಿ ಇಳಿಯಿತು. ಮ್ಯಾನ್‌ಹ್ಯಾಟನ್ ಟ್ರಾನ್ಸ್‌ಫರ್ ಮಾಡಿದ್ದು ಬೇರೆ, ಅವರು ಹಳೆಯ ಅರೇಂಜ್‌ಮೆಂಟ್‌ಗಳ ಒಳಕ್ಕೆ ಇಳಿದರು.

ಈ ಆಲ್ಬಂನಲ್ಲಿ ‘ಮೋಟನ್ ಸ್ವಿಂಗ್’ ಹಾಡಿನ ಹೆಸರು ‘ಸಿಂಗ್ ಮೋಟನ್ಸ್ ಸ್ವಿಂಗ್’. ಅದನ್ನು ಹಾಕಿದೆ. ಒಂದು ಕ್ಷಣ ಯೋಚನೆ ಮಾಡಿ. 1930ರಲ್ಲಿ ಮಾತಿದ್ದ ಒಂದು ಹಾಡು. 1932ರಲ್ಲಿ ಹಸಿದ ವಾದ್ಯಗಾರರು ಅದರ ಮಾತನ್ನು ಕಳಚಿ, ಅದೇ ಚೌಕಟ್ಟಿನ ಮೇಲೆ ತಮ್ಮದೇ ಒಂದನ್ನು ಕಟ್ಟಿದರು. 65 ವರ್ಷದ ಮೇಲೆ ಅವರ ಕಟ್ಟಡಕ್ಕೆ ಹೊಸ ಮಾತು ಬಂತು. ಈಗಿನ ಮಾತಿಗೂ ಆ ಮೊದಲ ಪ್ರೇಮಗೀತೆಗೂ ಸಂಬಂಧವೇ ಇಲ್ಲ, ಆದರೆ ಎರಡರ ಕೆಳಗೆ ಹರಿಯುವ ಹಾರ್ಮನಿ ಒಂದೇ. ಇದು ನನಗೆ ಪ್ರತಿ ಸಲವೂ ಮೈ ನವಿರೇಳಿಸುತ್ತದೆ.

ಹತ್ತು ಹನ್ನೆರಡು ಊದುವ ವಾದ್ಯಗಳ ಕೆಲಸವನ್ನು ನಾಲ್ಕು ಧ್ವನಿ ಮಾಡುವುದು ಹೇಗೆ? ಮೊದಲು ಕಳೆಯಬೇಕು. ಐದು ಸ್ಯಾಕ್ಸಫೋನ್ ನುಡಿಸುವ ಸ್ವರಗಳಲ್ಲಿ ಯಾವುದು ಇಲ್ಲದಿದ್ದರೂ ಬಣ್ಣ ಉಳಿಯುತ್ತದೆ ಅಂತ ಅರಿತು ಬಿಡಬೇಕು. ಆಮೇಲೆ ನಾಲ್ಕು ಧ್ವನಿ ಒಂದಕ್ಕೊಂದು ತೀರಾ ಹತ್ತಿರ ಕೂರಬೇಕು, ಕೆಲವು ಕಡೆ ಅಕ್ಕಪಕ್ಕದ ಸ್ವರಗಳೇ ಉಜ್ಜಾಡುತ್ತವೆ. ಅಲ್ಲಿ ಯಾರಾದರೂ ಒಬ್ಬರು ಗಮಕದ ಹಾಗೆ ಸ್ವರ ಅಲುಗಿಸಿದರೆ ಎಲ್ಲ ಕೆಡುತ್ತದೆ. ಇನ್ನು ವ್ಯಂಜನಗಳು. ಟ್ರಂಪೆಟ್‌ನಲ್ಲಿ ನಾಲಗೆ ತಟ್ಟಿದಾಗ ಬರುವ ಚುರುಕನ್ನು ಇಲ್ಲಿ ಟ, ಡ, ಬ ಎಂಬ ಅಕ್ಷರಗಳು ಕೊಡಬೇಕು. ನಾಲ್ವರ ‘ಟ’ ಒಂದೇ ಕ್ಷಣಕ್ಕೆ ಬೀಳಬೇಕು, ಪದ ಮುಗಿಯುವುದೂ ಒಂದೇ ಕ್ಷಣಕ್ಕೆ. ಹಾಗಾಗಿ ಒಳ್ಳೆಯ ವೋಕಲೀಸ್ ಬರೆಯುವವರು ಅರ್ಥಕ್ಕಿಂತ ಮೊದಲು ಅಕ್ಷರದ ಏಟನ್ನು ಹುಡುಕುತ್ತಾರೆ. ಈ ಆಲ್ಬಂನ ಹಲವು ಹಾಡುಗಳಲ್ಲೂ ಆ ಕೈ ಹೆಂಡ್ರಿಕ್ಸ್ ಅವರದೇ.

ಎಲ್ಲ ಹಾಡುಗಳೂ ಒಂದೇ ಮಟ್ಟದಲ್ಲಿವೆ ಅಂತ ನಾನು ಹೇಳುವುದಿಲ್ಲ. ಮೊದಲೇ ಮಾತಿದ್ದ ಹಾಡುಗಳನ್ನು ಹಾಡಿದಾಗ ತಂಡ ಸ್ವಲ್ಪ ಸೋಲುತ್ತದೆ. ‘ಎ ಟಿಸ್ಕೆಟ್ ಎ ಟಾಸ್ಕೆಟ್’ ತಗೊಳ್ಳಿ. ಮಕ್ಕಳ ಪದ್ಯವೊಂದನ್ನು ಹಿಡಿದು 1938ರಲ್ಲಿ ಚಿಕ್ ವೆಬ್ ಬ್ಯಾಂಡ್ ಜೊತೆ ಎಲ್ಲಾ ಫಿಟ್ಸ್‌ಜೆರಾಲ್ಡ್ ಎಂಬ ಗಾಯಕಿ ಹಾಡಿದ್ದು. ಆಗ ಅವರಿಗೆ 21 ವರ್ಷ. ಬುಟ್ಟಿ ಕಳೆದುಕೊಂಡ ಹುಡುಗಿಯ ಆ ಧ್ವನಿಯಲ್ಲಿ ಇರುವ ಸರಳತೆ ಇನ್ನೊಬ್ಬರಿಗೆ ಬರುವುದಿಲ್ಲ. ನಾಲ್ವರು ಎಷ್ಟೇ ಚೆನ್ನಾಗಿ ಹಾಡಿದರೂ ನಾವು ಫಿಟ್ಸ್‌ಜೆರಾಲ್ಡ್ ಅವರನ್ನೇ ನೆನೆಯುತ್ತೇವೆ. ವಾದ್ಯದ ರಚನೆಗಳಿಗೆ ಮಾತು ಸಿಕ್ಕ ಕಡೆ ಈ ಕಷ್ಟ ಇಲ್ಲ, ಅಲ್ಲಿ ಹೋಲಿಸಿ ನೆನೆಯುವಂಥ ಹಳೆಯ ಗಂಟಲುಗಳು ಕಡಿಮೆ. ಇನ್ನೊಂದು ಮಾತು: ಧ್ವನಿಮುದ್ರಣ ತೀರಾ ಅಚ್ಚುಕಟ್ಟು. 1957ರ ಟೇಪಿನ ಗೊರಗೊರದಲ್ಲಿ ಇದ್ದ ಬೆವರು ಇಲ್ಲಿ ಕಡಿಮೆ. ಅದು ತೊಂಬತ್ತರ ದಶಕದ ರುಚಿ, ನನಗೆ ಅಷ್ಟು ಹಿಡಿಸುವುದಿಲ್ಲ.

ಅತಿಥಿಗಳ ಬಗ್ಗೆ ಹೇಳಲೇಬೇಕು. ಆಲ್ಬಂನಲ್ಲಿ ಟೆಕ್ಸಸ್‌ನ ‘ಅಸ್ಲೀಪ್ ಅಟ್ ದ ವೀಲ್’ ಬ್ಯಾಂಡ್ ಇದೆ, ಕಂಟ್ರಿ ಸಂಗೀತದ ರಿಕಿ ಸ್ಕ್ಯಾಗ್ಸ್ ಇದ್ದಾರೆ. ನ್ಯೂಯಾರ್ಕ್ ಶೋಕಿಯ ತಂಡಕ್ಕೆ ದನ ಕಾಯುವವರ ನಾಡಿನ ಪಿಟೀಲು ಯಾಕೆ ಅಂತ ಕೇಳಬಹುದು. ಆದರೆ ನಕ್ಷೆ ನೋಡಿ. ಎಡ್ಡಿ ಡರ್ಹಂ ಹುಟ್ಟಿದ್ದು ಟೆಕ್ಸಸ್‌ನ ಸ್ಯಾನ್ ಮಾರ್ಕೋಸ್‌ನಲ್ಲಿ. ಆಲ್ಬಂನಲ್ಲಿರುವ ‘ಟಾಪ್ಸಿ’ ಕೂಡ ಅವರು ಎಡ್ಗರ್ ಬ್ಯಾಟಲ್ ಜೊತೆ ಮಾಡಿದ್ದು. ‘ಏರ್‌ಮೇಲ್ ಸ್ಪೆಷಲ್’ ರಚನೆಯಲ್ಲಿ ಪಾಲಿರುವ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಹುಟ್ಟಿದ್ದು ಟೆಕ್ಸಸ್, ಬೆಳೆದದ್ದು ಓಕ್ಲಹೋಮ. ವಾಲ್ಟರ್ ಪೇಜ್ ತಮ್ಮ ಬ್ಯಾಂಡ್ ನಡೆಸಿದ್ದು ಓಕ್ಲಹೋಮ ಸಿಟಿಯಲ್ಲಿ. ಅದೇ ಬಯಲು ಸೀಮೆಯಲ್ಲಿ, ಅದೇ ವರ್ಷಗಳಲ್ಲಿ, ಬಾಬ್ ವಿಲ್ಸ್ ಎಂಬ ಬಿಳಿಯ ಪಿಟೀಲುಗಾರ ತಮ್ಮ ಬ್ಯಾಂಡಿಗೆ ಟ್ರಂಪೆಟ್ ಸ್ಯಾಕ್ಸಫೋನ್ ಸೇರಿಸಿಕೊಂಡು ವೆಸ್ಟರ್ನ್ ಸ್ವಿಂಗ್ ನುಡಿಸುತ್ತಿದ್ದರು. ಡ್ಯಾನ್ಸ್ ಹಾಲ್‌ಗಳ ಬಾಗಿಲಲ್ಲಿ ಜನರನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು, ರೇಡಿಯೋ ಮತ್ತು ರೆಕಾರ್ಡ್ ಹಾಗೆ ಮಾಡಲಿಲ್ಲ. ಕೇಳಿದ ಕಿವಿಗಳು ಎರಡೂ ಕಡೆ ಒಂದೇ ಸಂಗೀತವನ್ನು ಕಲಿತವು. ಅರವತ್ತು ವರ್ಷದ ಮೇಲೆ ಎರಡೂ ಕವಲನ್ನು ಒಂದೇ ಆಲ್ಬಂನಲ್ಲಿ ಕೂರಿಸಿದ್ದು ಒಳ್ಳೆಯ ಯೋಚನೆ.

ಇನ್ನೊಬ್ಬ ಅತಿಥಿ ಸ್ಟೆಫಾನ್ ಗ್ರಾಪೆಲ್ಲಿ. ಜ್ಯಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕರ ಜೊತೆ 1934ರಲ್ಲಿ ಪ್ಯಾರಿಸ್‌ನಲ್ಲಿ ಬರೀ ತಂತಿವಾದ್ಯಗಳ ಜಾಸ್ ತಂಡ ಕಟ್ಟಿದ ಪಿಟೀಲುಗಾರ. ಯುದ್ಧ ಶುರುವಾದಾಗ ಅವರು ಲಂಡನ್‌ನಲ್ಲಿ ಉಳಿದರು, ಜ್ಯಾಂಗೋ ಪ್ಯಾರಿಸ್‌ಗೆ ಮರಳಿದರು. 1940ರಲ್ಲಿ, ಜರ್ಮನ್ನರ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ, ಜ್ಯಾಂಗೋ ‘ನ್ಯುವಾಜ್’ ಎಂಬ ಮೋಡಗಳ ಹಾಡನ್ನು ರೆಕಾರ್ಡ್ ಮಾಡಿದಾಗ ಪಕ್ಕದಲ್ಲಿ ಗ್ರಾಪೆಲ್ಲಿ ಇರಲಿಲ್ಲ, ಅವರ ಜಾಗದಲ್ಲಿ ಕ್ಲಾರಿನೆಟ್ ಇತ್ತು. ‘ಸ್ವಿಂಗ್’ ಆಲ್ಬಂನ ‘ಕ್ಲೌಡ್ಸ್’ ಅದೇ ರಚನೆ, ಅದರಲ್ಲಿ ಗ್ರಾಪೆಲ್ಲಿ ನುಡಿಸಿದ್ದಾರೆ. ಆಲ್ಬಂ ಬಂದ 1997ರಲ್ಲೇ, ಡಿಸೆಂಬರ್ 1ರಂದು, 89ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಇದನ್ನು ತಿಳಿದುಕೊಂಡು ಕೇಳಿದರೆ ಆ ಪಿಟೀಲು ಬೇರೆಯೇ ಕೇಳಿಸುತ್ತದೆ.

ಆಮೇಲೆ ಪ್ರಶ್ನೆಗಳು ಬಂದವು. ಒಬ್ಬರು ಕೇಳಿದರು, ಸೋಲೋವನ್ನು ಸ್ವರ ಬಿಡದೆ ಹಾಗೆಯೇ ಹಾಡಿದರೆ ಅದು ಜಾಸ್ ಹೇಗೆ ಆಗುತ್ತದೆ ಸರ್, ಮನೋಧರ್ಮ ಎಲ್ಲಿದೆ? ನ್ಯಾಯವಾದ ಪ್ರಶ್ನೆ, ಈ ತಂಡದ ಮೇಲೆ ವಿಮರ್ಶಕರು ಹೊರಿಸಿದ ಆರೋಪ ಕೂಡ ಅದೇ. ನಾನು ಹೇಳಿದ್ದು ಇಷ್ಟು: ಒಂದು ರಾತ್ರಿಯ ಮನೋಧರ್ಮ ಅಷ್ಟು ಚೆನ್ನಾಗಿದ್ದರೆ ಅದು ಕೃತಿಯೇ ಆಗುತ್ತದೆ. ಕೃತಿಯನ್ನು ಹಾಡುವುದರಲ್ಲೂ ಹಾಡುವವರು ಇರುತ್ತಾರೆ. ಹೆಂಡ್ರಿಕ್ಸ್ ಸ್ವತಃ ವೇದಿಕೆಯಲ್ಲಿ ಬರೆದದ್ದನ್ನು ಹಾಡಿ, ಅಲ್ಲಿಂದ ಸ್ಕ್ಯಾಟ್‌ಗೆ ಜಿಗಿದು, ಮಾತೇ ಇಲ್ಲದೆ ಅಲ್ಲೇ ಕಟ್ಟಿ ಹಾಡುತ್ತಿದ್ದರು. ಮ್ಯಾನ್‌ಹ್ಯಾಟನ್ ಟ್ರಾನ್ಸ್‌ಫರ್‌ನ ನಾಲ್ವರಲ್ಲಿ ಆ ಧೈರ್ಯ ಸ್ವಲ್ಪ ಕಡಿಮೆ ಅಂತ ಒಪ್ಪುತ್ತೇನೆ. ಆದರೆ ಬರೆದದ್ದನ್ನು ಅವರಷ್ಟು ಒಗ್ಗಟ್ಟಾಗಿ ಹಾಡಿದವರು ಕಡಿಮೆ.

ಇನ್ನೊಬ್ಬರು, ಇದಕ್ಕೂ ನಮಗೂ ಏನಾದರೂ ನಂಟು ಉಂಟಾ ಅಂದರು. ಈ ಆಲ್ಬಂಗೆ ಇಲ್ಲ. ಆದರೆ ಇದರಲ್ಲಿ ನುಡಿಸಿದ ಗ್ರಾಪೆಲ್ಲಿ ಅವರ ಜೊತೆ ನಮ್ಮ ಎಲ್. ಸುಬ್ರಹ್ಮಣ್ಯಂ ಒಂದು ಆಲ್ಬಂ ಮಾಡಿದ್ದಾರೆ. ಸ್ಟ್ಯಾನ್ ಕೆಂಟನ್ ಅವರ ದೊಡ್ಡ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ನುಡಿಸಿದ್ದ ಚಾರ್ಲಿ ಮರಿಯಾನೋ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು, ಅದು 1983ರಲ್ಲಿ ಬಂತು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಗಾಯನ. ಸ್ವಿಂಗ್ ಬ್ಯಾಂಡಿನ ಕುರ್ಚಿಯಿಂದ ಎದ್ದು ಬಂದ ಸ್ಯಾಕ್ಸಫೋನ್ ಒಂದು ಕನ್ನಡನಾಡಿನ ಕಂಠದ ಪಕ್ಕ ನಿಂತಿದ್ದನ್ನು ಕೇಳಬೇಕೆಂದರೆ ಅದನ್ನು ಹುಡುಕಿ. ಅದರ ಬಗ್ಗೆಯೇ ಇನ್ನೊಂದು ಸಂಜೆ ಮಾತಾಡಬಹುದು.

ತಂಡ ಈಗಲೂ ಹಾಡುತ್ತಿದೆಯಾ ಅಂತಲೂ ಕೇಳಿದರು. ಟಿಮ್ ಹೌಸರ್ 2014ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಟ್ರಿಸ್ಟ್ ಕರ್ಲೆಸ್ ಎಂಬವರು ಆ ಜಾಗಕ್ಕೆ ಬಂದರು, ತಂಡ ಮುಂದುವರಿಯಿತು. ಐವತ್ತು ವರ್ಷ ತುಂಬಿಸಿ, 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕೊನೆಯ ಕಛೇರಿ ಕೊಟ್ಟು ನಿಲ್ಲಿಸಿದರು. ಹೆಂಡ್ರಿಕ್ಸ್ 2017ರಲ್ಲಿ, 96ನೇ ವಯಸ್ಸಿನಲ್ಲಿ ಹೋದರು. ಆ್ಯನಿ ರಾಸ್ 2020ರಲ್ಲಿ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದವರಿಗೆ ಇದು. ಮೊದಲು 1932ರ ‘ಮೋಟನ್ ಸ್ವಿಂಗ್’ ಕೇಳಿ, ಗುನುಗಲು ಬರುವವರೆಗೂ ಕೇಳಿ. ಆಮೇಲೆ ಬೇಸಿಯ 1940ರದ್ದು. ಆಮೇಲೆ ಲ್ಯಾಂಬರ್ಟ್, ಹೆಂಡ್ರಿಕ್ಸ್, ರಾಸ್ ಅವರ ‘ಲಿಟಲ್ ಪೋನಿ’. ಕೊನೆಗೆ 1997ರ ‘ಸಿಂಗ್ ಮೋಟನ್ಸ್ ಸ್ವಿಂಗ್’. ಹೆಡ್‌ಫೋನ್ ಹಾಕಿಕೊಳ್ಳಿ. ಒಂದು ಸಲ ಮೇಲಿನ ಧ್ವನಿಯ ಹಿಂದೆ ಹೋಗಿ, ಅದು ಸುಲಭ. ಮುಂದಿನ ಸಲ ಒಳಗಿನ ಎರಡು ಧ್ವನಿಗಳಲ್ಲಿ ಒಂದನ್ನು ಹಿಡಿದು ಕೊನೆವರೆಗೂ ಬಿಡದೆ ಹೋಗಲು ನೋಡಿ. ಅದು ಒಂಟಿಯಾಗಿ ಹಾಡಿದರೆ ವಿಚಿತ್ರವಾಗಿ ಕೇಳಿಸುವ ದಾರಿ, ಉಳಿದ ಮೂರರ ಜೊತೆ ಮಾತ್ರ ಸರಿಹೋಗುತ್ತದೆ. ಅವರ ಹೆಚ್ಚಿನ ಶ್ರಮ ಹೋಗಿರುವುದು ಅಲ್ಲಿಗೇ.